ಪ್ರಾಯೋಗಿಕ ಮನೋವಿಜ್ಞಾನದಲ್ಲಿ ಸಂಶೋಧನಾ ಸ್ನಾತಕೋತ್ತರ ಪದವಿ: ಕೋಲಾರ ಸೀಮೆಯ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಮಾಲೂರು, ಮುಳಬಾಗಿಲು, ಚಿಂತಾಮಣಿ ಕಡೆಯ ಪದವಿ ವಿದ್ಯಾರ್ಥಿಗಳು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ, ಬಂಗಾರಪೇಟೆಯ ರೈಲಿನಲ್ಲಿ ಎದುರು ಕುಳಿತಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು, ತಲೆ ತಿನ್ನುವಂಥವು ಆಮೇಲೆ.

## ಸೇರುವ ಮುನ್ನ

ಇದನ್ನು ಓದಿದರೆ ಕೌನ್ಸೆಲಿಂಗ್ ಸೆಂಟರ್ ತೆರೆಯಬಹುದೇ?

ಇಲ್ಲ. ನಿಮ್ಮ ಆಸೆ ಅದೇ ಆಗಿದ್ದರೆ ಬೇರೆ ದಾರಿ ಹಿಡಿಯಿರಿ, ಎರಡು ವರ್ಷ ಉಳಿಯುತ್ತದೆ. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮುಗಿಸಿ, ಅಲ್ಲಿ ಹೆಸರು ನೋಂದಾಯಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಅಂಥ ತರಬೇತಿಗೆ ಹೆಸರಾದ ಜಾಗ. ಪ್ರಾಯೋಗಿಕ ಮನೋವಿಜ್ಞಾನದ ಸಂಶೋಧನಾ ಪದವಿ ನೊಂದವರ ಮಾತು ಕೇಳುವುದನ್ನು ಕಲಿಸುವುದಿಲ್ಲ. ಗಮನ, ನೆನಪು, ಗ್ರಹಿಕೆ, ಓದು, ನಿರ್ಧಾರ ಇವು ಹೇಗೆ ನಡೆಯುತ್ತವೆ ಎಂಬುದನ್ನು ಅಳೆದು ನೋಡುವುದನ್ನು ಕಲಿಸುತ್ತದೆ. ಎರಡೂ ಒಳ್ಳೆಯ ಕೆಲಸಗಳೇ, ಆದರೆ ಬೇರೆ ಬೇರೆ ಕೆಲಸಗಳು.

ಹಾಗಾದರೆ ಇಲ್ಲಿ ದಿನವಿಡೀ ಮಾಡುವುದೇನು?

ಒಂದು ಉದಾಹರಣೆ ಹೇಳುತ್ತೇನೆ. ‘ಹಾಡು ಕೇಳುತ್ತಾ ಓದಿದರೆ ನೆನಪು ಉಳಿಯುತ್ತದೆಯೇ?’ ಎಂದು ಹಾಸ್ಟೆಲಿನಲ್ಲಿ ಕೇಳಿ ನೋಡಿ, ಎಲ್ಲರಲ್ಲೂ ಉತ್ತರ ಸಿದ್ಧವಾಗಿರುತ್ತದೆ. ಈ ಕೋರ್ಸ್ ಆ ಉತ್ತರಗಳ ಬಳಿ ನಿಲ್ಲುವುದಿಲ್ಲ. ಯಾವ ಹಾಡು? ಮಾತಿರುವುದೋ ಬರೀ ವಾದ್ಯವೋ? ಅದರ ಭಾಷೆ ಕೇಳುವವರಿಗೆ ಗೊತ್ತೇ? ಓದಿದ್ದು ಪದಪಟ್ಟಿಯೋ ಕಥೆಯೋ? ಪರೀಕ್ಷೆ ಹತ್ತು ನಿಮಿಷದ ನಂತರವೋ ಮರುದಿನವೋ? ಒಬ್ಬರೇ ಎರಡೂ ಬಗೆಯಲ್ಲಿ ಓದುವುದಾದರೆ ಮೊದಲು ಯಾವುದು? ಇಷ್ಟನ್ನೂ ನಿರ್ಧರಿಸಿದ ಮೇಲೆ ಪ್ರಯೋಗ ಕಟ್ಟಬೇಕು, ಜನರನ್ನು ಕರೆಯಬೇಕು, ಅಂಕಿಅಂಶ ಬಿಡಿಸಬೇಕು, ಬರೆಯಬೇಕು. 1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ ಮರೆವನ್ನು ಅಳೆದು ಪ್ರಕಟಿಸಿದಾಗಿನಿಂದ ಕೆಲಸದ ಸ್ವರೂಪ ಬದಲಾಗಿಲ್ಲ, ಸಲಕರಣೆ ಬದಲಾಗಿದೆ ಅಷ್ಟೆ.

ಮಾಮೂಲಿ ಎಂ.ಎ. ಅಥವಾ ಎಂ.ಎಸ್ಸಿ.ಯಲ್ಲಿ ಪಾಠ ಮತ್ತು ಪರೀಕ್ಷೆಗಳ ತೂಕ ಹೆಚ್ಚು, ಕೊನೆಯ ಸೆಮಿಸ್ಟರಿನಲ್ಲಿ ಒಂದು ಪ್ರಬಂಧ ಮುಗಿಸುತ್ತೀರಿ. ಸಂಶೋಧನಾ ಪದವಿಯಲ್ಲಿ ಪ್ರಬಂಧವೇ ಮುಖ್ಯ, ಪಾಠಗಳು ಅದಕ್ಕೆ ಆಳುಗಳು.

ನಾನು ಬಿ.ಎ. ಓದಿದವಳು, ಪಿಯುಸಿಯಲ್ಲಿ ಗಣಿತ ಇರಲಿಲ್ಲ. ನನ್ನಿಂದ ಆಗುತ್ತದೆಯೇ?

ಆಗುತ್ತದೆ. ಬೇಕಾದ ಗಣಿತ ಹತ್ತನೇ ತರಗತಿಯದು. ಬೇಕಾದ ಸಂಖ್ಯಾಶಾಸ್ತ್ರ ಮಾತ್ರ ಹೊಸದು, ಅದನ್ನು ಗಣಿತದವರೂ ಹೊಸದಾಗಿಯೇ ಕಲಿಯಬೇಕು. ಸರಾಸರಿ ಒಂದೇ ಇರುವ ಎರಡು ಗುಂಪುಗಳ ಹರವು ಹೇಗೆ ಬೇರೆಯಾಗಿರಬಹುದು, ಆಕಸ್ಮಿಕ ವ್ಯತ್ಯಾಸ ಎಷ್ಟು ದೊಡ್ಡದಾಗಿ ಕಾಣಬಹುದು ಎಂಬುದು ಮನಸ್ಸಿಗೆ ಹತ್ತಿದರೆ ಉಳಿದದ್ದು ಅಭ್ಯಾಸ. ‘ಆರ್’ ಎಂಬ ಉಚಿತ ತಂತ್ರಾಂಶವನ್ನು ಈಗಲೇ ಹಾಕಿಕೊಂಡು, ನಿಮ್ಮ ತರಗತಿಯ ಅಂಕಪಟ್ಟಿಯನ್ನೇ ಅದರಲ್ಲಿ ತಿರುವಿಹಾಕಿ. ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ವೇದಿಕೆಯಲ್ಲಿ ಉಚಿತ ಪಾಠಗಳಿವೆ. ಗಣಿತಕ್ಕೆ ಹೆದರಿ ಮನೋವಿಜ್ಞಾನಕ್ಕೆ ಬಂದವರು ಈ ಕೋರ್ಸ್‌ನಲ್ಲಿ ನರಳುವುದನ್ನು ನೋಡಿದ್ದೇನೆ. ಅವರಿಗೆ ಬುದ್ಧಿ ಕಡಿಮೆಯಿರಲಿಲ್ಲ, ಮೊದಲ ದಿನದಿಂದಲೇ ಮುಖ ತಿರುಗಿಸಿ ಕುಳಿತಿದ್ದರು.

ಕನ್ನಡ ಮಾಧ್ಯಮದವನು. ಇಂಗ್ಲಿಷ್ ಸಂಶೋಧನಾ ಲೇಖನ ಎರಡು ಪುಟ ಓದುವಷ್ಟರಲ್ಲಿ ಸಾಕಾಗುತ್ತದೆ.

ಮೊದಲ ಸಾಲಿನಿಂದ ಶುರುಮಾಡುವುದರಿಂದ ಸಾಕಾಗುತ್ತದೆ. ಲೇಖನದ ಕಷ್ಟದ ಭಾಷೆಯೆಲ್ಲ ಪೀಠಿಕೆಯಲ್ಲಿ ಮತ್ತು ಚರ್ಚೆಯಲ್ಲಿರುತ್ತದೆ. ಮೊದಲು ಚಿತ್ರ ಮತ್ತು ಕೋಷ್ಟಕ ನೋಡಿ. ಆಮೇಲೆ ವಿಧಾನದ ಭಾಗ: ಯಾರು ಬಂದರು, ಏನು ತೋರಿಸಿದರು, ಏನು ಒತ್ತಲು ಹೇಳಿದರು. ಇಲ್ಲಿನ ವಾಕ್ಯಗಳು ಚಿಕ್ಕವು, ಪದಗಳು ಲೇಖನದಿಂದ ಲೇಖನಕ್ಕೆ ಮರುಕಳಿಸುತ್ತವೆ. ಪ್ರಯೋಗವನ್ನು ಕನ್ನಡದಲ್ಲಿ ಗೆಳೆಯನಿಗೆ ವಿವರಿಸಬಲ್ಲಿರಾದರೆ ಪೀಠಿಕೆಯನ್ನು ಆಮೇಲೆ ಓದಬಹುದು. ಬರೆಯುವುದು ನಿಧಾನಕ್ಕೆ ಬರುತ್ತದೆ, ಆದರೆ ಬರೆಯಲೇಬೇಕು.

ಮನೆಯಲ್ಲಿ ‘ಬಿ.ಎಡ್. ಮಾಡು, ಕೆಲಸ ಗ್ಯಾರಂಟಿ’ ಎನ್ನುತ್ತಾರೆ. ಅವರಿಗೆ ಏನು ಹೇಳಲಿ?

ಅವರು ಹೇಳುವುದರಲ್ಲಿ ಅರ್ಥವಿದೆ, ಜಗಳಕ್ಕೆ ಹೋಗಬೇಡಿ. ಈ ಪದವಿಯ ಕೊನೆಯಲ್ಲಿ ನೇಮಕಾತಿ ಆದೇಶ ಕಾದಿರುವುದಿಲ್ಲ. ಇರುವ ದಾರಿಗಳು ಇವು: ಯುಜಿಸಿ ನೆಟ್ ಬರೆದು ಅಧ್ಯಾಪಕ ಹುದ್ದೆಗೆ ಅರ್ಹತೆ ಪಡೆಯುವುದು, ಅದರಲ್ಲೇ ಜೆಆರ್‌ಎಫ್ ಬಂದರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್‌ನೊಂದಿಗೆ ಪಿಎಚ್.ಡಿ. ಮಾಡುವುದು (2023ರ ಜನವರಿಯಿಂದ ಈ ದರ). ಯಾವುದಾದರೂ ಯೋಜನೆಯಲ್ಲಿ ಸಂಶೋಧನಾ ಸಹಾಯಕರಾಗುವುದು. ಬೆಂಗಳೂರಿನ ಕಂಪನಿಗಳಲ್ಲಿ ಬಳಕೆದಾರರ ನಡವಳಿಕೆ ಅಧ್ಯಯನ ಮಾಡುವ ಕೆಲಸ ಹಿಡಿಯುವುದು. ಕೊನೆಯದಕ್ಕೆ ಪದವಿಯ ಹೆಸರಿಗಿಂತ ಅಂಕಿಅಂಶ ಬಿಡಿಸುವ ಕೈಚಳಕ ಮುಖ್ಯ. ಮನೆಗೆ ಈ ತಿಂಗಳಿನಿಂದಲೇ ನಿಮ್ಮ ದುಡಿಮೆ ಬೇಕಿದ್ದರೆ ಮೊದಲು ಬಿ.ಎಡ್. ಮಾಡುವುದು ಹೇಡಿತನವಲ್ಲ.

## ಪ್ರವೇಶ

ಎಲ್ಲಿ ಓದಬೇಕು? ಕೋಲಾರದಿಂದ ಓಡಾಡಿಕೊಂಡು ಮಾಡಬಹುದೇ?

ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಹಳೆಯ ಪರಂಪರೆಯಿದೆ. ಲಂಡನ್ನಿನಲ್ಲಿ ಹೆಸರಾಂತ ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದರು. ಕಲ್ಕತ್ತ ಬಿಟ್ಟರೆ ದೇಶದಲ್ಲಿ ಅಷ್ಟು ಹಳೆಯ ವಿಭಾಗ ಇನ್ನೊಂದಿಲ್ಲ. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ಶುರುಮಾಡಿದವರೂ ಇವರೇ. ಪ್ರಯೋಗಕ್ಕೆ ಕೈಹಾಕುವವರ ಸ್ವಭಾವವೇ ಹಾಗೆ, ಒಂದು ಯಂತ್ರ ಸಿಕ್ಕಿದರೆ ಸುಮ್ಮನಿರುವುದಿಲ್ಲ.

ಈಗ ಹುಡುಕುವಾಗ ‘ಮನೋವಿಜ್ಞಾನ’ ಎಂಬ ಹೆಸರೊಂದನ್ನೇ ನೆಚ್ಚಬೇಡಿ. ಪ್ರಯೋಗದ ಗಟ್ಟಿ ತರಬೇತಿ ಭಾರತದಲ್ಲಿ ಬಹುಪಾಲು ‘ಕಾಗ್ನಿಟಿವ್ ಸೈನ್ಸ್’ (ಅರಿವಿನ ವಿಜ್ಞಾನ) ಎಂಬ ಹೆಸರಿನಡಿ ಸಿಗುತ್ತದೆ: ಅಲಹಾಬಾದ್ ವಿಶ್ವವಿದ್ಯಾಲಯದ ಕೇಂದ್ರ, ಹೈದರಾಬಾದ್ ವಿಶ್ವವಿದ್ಯಾಲಯ, ಹೈದರಾಬಾದಿನ ಐಐಐಟಿ, ಗಾಂಧಿನಗರ ಮತ್ತು ಕಾನ್ಪುರದ ಐಐಟಿಗಳು. ಗೇಟ್ ಪರೀಕ್ಷೆಯ ಮಾನವಿಕ ವಿಭಾಗದಲ್ಲಿ 2021ರಿಂದ ಮನೋವಿಜ್ಞಾನವೂ ಒಂದು ಆಯ್ಕೆ. ಯಾವ ಸಂಸ್ಥೆ ಯಾವ ಪರೀಕ್ಷೆ ಕೇಳುತ್ತದೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆಯಾ ವರ್ಷದ ಪ್ರಕಟಣೆಯನ್ನೇ ಓದಿ.

ಓಡಾಟದ ಮಾತು. ಬೆಂಗಳೂರಿನಲ್ಲಿ ಸೀಟು ಸಿಕ್ಕರೆ ಪಾಠದ ಸೆಮಿಸ್ಟರುಗಳನ್ನು ಬಸ್ಸಿನಲ್ಲೋ ರೈಲಿನಲ್ಲೋ ಓಡಾಡಿ ಮುಗಿಸಬಹುದು. ಪ್ರಯೋಗ ಶುರುವಾದ ಮೇಲೆ ಆಗದು. ಪ್ರಯೋಗಕ್ಕೆ ಬರುವವರು ತರಗತಿ ಮುಗಿಸಿ ಸಂಜೆ ಆರಕ್ಕೆ ಬರುತ್ತಾರೆ, ಬರುತ್ತೇನೆಂದವರಲ್ಲಿ ಕೆಲವರು ಬರುವುದೇ ಇಲ್ಲ. ಆಗ ಕೊನೆಯ ರೈಲಿನ ಕಡೆ ಕಣ್ಣಿಟ್ಟುಕೊಂಡು ಕೆಲಸ ಮಾಡಲಾಗುವುದಿಲ್ಲ. ಆ ಆರು ತಿಂಗಳಿಗೆ ಅಲ್ಲೇ ಕೋಣೆ ಹಿಡಿಯಿರಿ.

ಮೂರು ವರ್ಷದ ಪದವಿಯಿಂದ ತೊಂದರೆಯಾಗುತ್ತದೆಯೇ?

ಸ್ನಾತಕೋತ್ತರಕ್ಕೆ ಇಲ್ಲ. ಕರ್ನಾಟಕ 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಯುಜಿಸಿಯ 2022ರ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಬಂದವರು ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಮೂರು ವರ್ಷದವರಿಗೆ ಆ ಒಳದಾರಿ ಇಲ್ಲ.

ಅರ್ಜಿಯಲ್ಲಿ ‘ಉದ್ದೇಶ ಪತ್ರ’ ಕೇಳಿದ್ದಾರೆ. ಏನು ಬರೆಯಲಿ?

‘ಚಿಕ್ಕಂದಿನಿಂದಲೂ ಜನರ ಮನಸ್ಸನ್ನು ಅರಿಯುವ ಹಂಬಲ’ ಎಂದು ಬರೆಯಬೇಡಿ. ಓದುವವರ ಮೇಜಿನ ಮೇಲೆ ಅಂಥವು ರಾಶಿ ಬಿದ್ದಿರುತ್ತವೆ. ಒಂದು ಪ್ರಶ್ನೆ ಬರೆಯಿರಿ, ಅದಕ್ಕೆ ಈಗಾಗಲೇ ಸಿಕ್ಕಿರುವ ಉತ್ತರ ಏಕೆ ಸಾಲದು ಎಂದು ಬರೆಯಿರಿ, ಅದನ್ನು ಪರೀಕ್ಷಿಸಲು ಒಂದು ಒರಟು ಪ್ರಯೋಗ ಸೂಚಿಸಿ. ಪ್ರಯೋಗ ದೋಷಪೂರ್ಣವಾಗಿದ್ದರೂ ಸರಿ. ಸಂದರ್ಶನದಲ್ಲಿ ಆ ದೋಷವನ್ನೇ ಹಿಡಿದು ಕೇಳುತ್ತಾರೆ, ಆಗ ನೀವು ಹೇಗೆ ಯೋಚಿಸುತ್ತೀರಿ ಎಂಬುದೇ ಆಯ್ಕೆಯ ತಳಹದಿ.

ಪ್ರಾಧ್ಯಾಪಕರಿಗೆ ಇಮೇಲ್ ಬರೆದರೆ ಉತ್ತರವೇ ಬರುವುದಿಲ್ಲ.

ಒಂದೇ ಪತ್ರವನ್ನು ಎಲ್ಲರಿಗೂ ಕಳುಹಿಸಿದರೆ ಬರುವುದಿಲ್ಲ. ಅವರ ಒಂದು ಲೇಖನ ಓದಿ, ಅದರ ಬಗ್ಗೆ ಒಂದು ನಿಜವಾದ ಪ್ರಶ್ನೆ ಕೇಳಿ, ಹತ್ತು ಸಾಲಿನೊಳಗೆ ಮುಗಿಸಿ. ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೂ ಮೌನವಾದರೆ ಮುಂದಿನ ಹೆಸರು.

ವಿದೇಶಕ್ಕೇ ಹೋಗಬೇಕೇ?

ಬೇಕೇಬೇಕು ಎಂದಿಲ್ಲ. ಬ್ರಿಟನ್ನಿನ ಸಂಶೋಧನಾ ಮಾಸ್ಟರ್ಸ್ ಸಾಮಾನ್ಯವಾಗಿ ಒಂದು ವರ್ಷದ್ದು, ದುಬಾರಿ. ನೆದರ್ಲೆಂಡ್ಸ್‌ನದು ಎರಡು ವರ್ಷದ್ದು, ತರಬೇತಿ ಬಿಗಿ. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಆದರೆ ಬದುಕುವ ಖರ್ಚಿದೆ. ಅಮೆರಿಕದಲ್ಲಿ ಪದವಿಯ ನಂತರ ನೇರವಾಗಿ ಪಿಎಚ್.ಡಿ. ಸೇರುವುದೇ ರೂಢಿ. ಮನೆ ಅಡವಿಟ್ಟು ಒಂದು ವರ್ಷದ ಮಾಸ್ಟರ್ಸ್ ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

## ಪ್ರಬಂಧದ ಕಾಲ

ಪ್ರಬಂಧಕ್ಕೆ ವಿಷಯ ಸಿಗುತ್ತಿಲ್ಲ. ನಮ್ಮ ಕೋಲಾರದಂಥ ಊರಿನಲ್ಲಿ ಸಂಶೋಧನೆಗೆ ಏನಿದೆ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಮನೋವಿಜ್ಞಾನದ ಒಂದು ದೊಡ್ಡ ಕುಂದನ್ನು ಎತ್ತಿ ತೋರಿಸಿದರು: ಇಡೀ ಮನುಕುಲದ ಬಗ್ಗೆ ಹೇಳುವ ಪ್ರಯೋಗಗಳು ಬಹುಮಟ್ಟಿಗೆ ಪಶ್ಚಿಮದ ಸಿರಿವಂತ ದೇಶಗಳ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದವು. ಆ ಪ್ರಯೋಗಗಳಿಗೆ ಎಂದೂ ಸಿಗದ ಜನರ ನಡುವೆ ಕುಳಿತು ಇಲ್ಲಿ ಏನಿದೆ ಎಂದು ಕೇಳುತ್ತೀರಿ.

ಮೊದಲು ಭಾಷೆ ನೋಡಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ, ಪಕ್ಕದ ಬೀದಿಯಲ್ಲಿ ಉರ್ದು, ಕೆಜಿಎಫ್‌ಗೆ ಹೋದರೆ ತಮಿಳು. ದ್ವಿಭಾಷಿಗಳ ಗಮನಶಕ್ತಿ ಏಕಭಾಷಿಗಳಿಗಿಂತ ಚುರುಕೇ ಎಂಬ ವಾದ ವರ್ಷಗಳಿಂದ ನಡೆಯುತ್ತಿದೆ, ಇನ್ನೂ ತೀರ್ಮಾನವಾಗಿಲ್ಲ. ಅದನ್ನು ಇಲ್ಲಿಗೆ ತಂದು ನೆಟ್ಟರೆ ಮೊದಲ ವಾರದಲ್ಲೇ ಎಡವುತ್ತೀರಿ: ಚಿಂತಾಮಣಿಯಲ್ಲಿ ಅಷ್ಟೇ ಓದಿದ, ಅಷ್ಟೇ ವಯಸ್ಸಿನ, ಒಂದೇ ಭಾಷೆಯವರನ್ನು ಎಲ್ಲಿಂದ ತರುತ್ತೀರಿ? ಸಿಕ್ಕವರು ಭಾಷೆಯ ಜೊತೆಗೆ ಓದಿನಲ್ಲೂ ಆದಾಯದಲ್ಲೂ ಬೇರೆಯಾಗಿರುತ್ತಾರೆ, ವ್ಯತ್ಯಾಸ ಯಾವುದರಿಂದ ಬಂತೆಂದು ಹೇಳಲಾಗುವುದಿಲ್ಲ. ಆದ್ದರಿಂದ ಗುಂಪುಗಳ ಹೋಲಿಕೆ ಬಿಡಿ, ಒಬ್ಬರ ಒಳಗೇ ಅಳೆಯಿರಿ. ಕನ್ನಡದಿಂದ ತೆಲುಗಿಗೆ ದಾಟಿದ ಕ್ಷಣ ಚಿತ್ರದ ಹೆಸರು ಹೇಳಲು ಎಷ್ಟು ಮಿಲಿಸೆಕೆಂಡ್ ತಡವಾಗುತ್ತದೆ? ತೆಲುಗಿನಿಂದ ಕನ್ನಡಕ್ಕೆ ಬರುವಾಗಲೂ ಅಷ್ಟೇ ತಡವೇ? ದಿನವಿಡೀ ಬೆರೆಸಿ ಮಾತಾಡುವವರಲ್ಲಿ ಆ ತಡ ಕಡಿಮೆಯೇ? ಇದು ಒಂದು ಪ್ರಬಂಧಕ್ಕೆ ಸಾಕು.

ಓದು ಇನ್ನೊಂದು. ಕಾಗುಣಿತ, ಒತ್ತಕ್ಷರಗಳ ನಮ್ಮ ಲಿಪಿಯನ್ನು ಮಕ್ಕಳು ಪೂರ್ತಿ ವಶಮಾಡಿಕೊಳ್ಳಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಹಿಡಿಯುತ್ತವೆ. ಕನ್ನಡ ಓದಿನ ಬಗ್ಗೆ ಸೋನಾಲಿ ನಾಗ್ ಅವರ 2007ರ ಅಧ್ಯಯನ ಇದನ್ನೇ ಎತ್ತಿಹೇಳಿತು. ಇಂಗ್ಲಿಷ್ ಮಕ್ಕಳ ಮೇಲೆ ಕಟ್ಟಿದ ಓದಿನ ಸಿದ್ಧಾಂತಗಳು ಇಲ್ಲಿ ಎಷ್ಟು ನಿಲ್ಲುತ್ತವೆ ಎಂಬುದು ಇನ್ನೂ ತೆರೆದ ಪ್ರಶ್ನೆ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ನಡೆಯುವುದನ್ನು ನೋಡಿದ್ದೀರಲ್ಲ? 1974ರಲ್ಲಿ ಮನೋವಿಜ್ಞಾನಿಗಳಾದ ಟ್ವೆರ್ಸ್ಕಿ ಮತ್ತು ಕಾನಮನ್ ಒಂದು ಚಕ್ರ ತಿರುಗಿಸಿ 10 ಅಥವಾ 65 ಬರುವಂತೆ ಮಾಡಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡ ಎಷ್ಟು ಎಂದು ಕೇಳಿದ್ದನ್ನು ವರದಿ ಮಾಡಿದರು. 10 ಕಂಡವರ ಅಂದಾಜುಗಳ ಮಧ್ಯಾಂಕ 25, 65 ಕಂಡವರದು 45. ಸಂಬಂಧವೇ ಇಲ್ಲದ ಸಂಖ್ಯೆ ಅಂದಾಜನ್ನು ಎಳೆದೊಯ್ದಿತ್ತು. ದಿನದ ದರವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡ ಮಂಡಿ ವ್ಯಾಪಾರಿಯೂ ಹೀಗೆ ಸೆಳೆತಕ್ಕೆ ಸಿಗುತ್ತಾನೆಯೇ? ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡನ್ನು ಕೈಯಲ್ಲಿ ಹಿಡಿದೊಡನೆ ಗುಣಮಟ್ಟ ಹೇಳುವ ರೀಲರ್ ನೋಡುತ್ತಿರುವುದು ಏನನ್ನು?

ಇನ್ನು ಶ್ರೀನಿವಾಸಪುರ. ಅಲ್ಲಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿಯಿಟ್ಟು, ವಯಸ್ಸಾದಂತೆ ಅರಿವಿನಲ್ಲಿ ಆಗುವ ಬದಲಾವಣೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಅಧ್ಯಯನ ಮಾಡುತ್ತಿದೆ. ನಿಮ್ಮ ಜಿಲ್ಲೆಗೆ ವಿಜ್ಞಾನ ಬಂದಾಗಿದೆ, ನಿಮಗೆ ತಿಳಿದಿಲ್ಲ ಅಷ್ಟೆ.

ಒಂದು ಎಚ್ಚರಿಕೆ: ‘ಕೋಲಾರದಲ್ಲಿ ಯಾರೂ ಮಾಡಿಲ್ಲ’ ಎಂಬುದು ಪ್ರಬಂಧಕ್ಕೆ ಕಾರಣವಾಗದು. ಯಾವ ಸಿದ್ಧಾಂತ ಇಲ್ಲಿ ಬೇರೆ ಫಲಿತಾಂಶ ಊಹಿಸುತ್ತದೆ, ಏಕೆ ಎಂದು ಹೇಳಬೇಕು.

ಎಷ್ಟು ಜನ ಬೇಕು? ಸೀನಿಯರ್‌ಗಳು ‘30 ಸಾಕು’ ಎನ್ನುತ್ತಾರೆ.

ಎಲ್ಲಿಂದ ಬಂತೋ ಈ ಮೂವತ್ತು, ಹಾಸ್ಟೆಲಿನಿಂದ ಹಾಸ್ಟೆಲಿಗೆ ಪಾರಂಪರ್ಯವಾಗಿ ಇಳಿದು ಬರುತ್ತಿದೆ. ಸಂಖ್ಯೆ ನಿರ್ಧಾರವಾಗುವುದು ನೀವು ಹುಡುಕುತ್ತಿರುವ ಪರಿಣಾಮದ ಗಾತ್ರದಿಂದ. ಎರಡು ಬೇರೆ ಗುಂಪುಗಳ ನಡುವೆ ಮಧ್ಯಮ ಗಾತ್ರದ ವ್ಯತ್ಯಾಸ (ಕೊಹೆನ್ ಅಳತೆಯಲ್ಲಿ 0.5, ಅಂದರೆ ಸರಾಸರಿಗಳ ಅಂತರ ಅಂಕಗಳ ಹರವಿನ ಅರ್ಧದಷ್ಟು) ಇದ್ದರೆ, ಅದನ್ನು ಶೇ 80ರ ಭರವಸೆಯಿಂದ ಹಿಡಿಯಲು ಪ್ರತಿ ಗುಂಪಿಗೆ 64 ಜನ ಬೇಕು. ವ್ಯತ್ಯಾಸ ಚಿಕ್ಕದಾಗಿ 0.2 ಇದ್ದರೆ ಪ್ರತಿ ಗುಂಪಿಗೆ 394. ಅದೇ 0.5ರ ವ್ಯತ್ಯಾಸವನ್ನು ಒಬ್ಬೊಬ್ಬರನ್ನೇ ಎರಡೂ ಸ್ಥಿತಿಯಲ್ಲಿ ಅಳೆದು ನೋಡಿದರೆ ಒಟ್ಟು 34 ಜನ ಸಾಕಾಗಬಹುದು. ಬಡ ಪ್ರಯೋಗಾಲಯಕ್ಕೆ ಒಬ್ಬರೊಳಗಿನ ವಿನ್ಯಾಸವೇ ದಾರಿ ಎನ್ನುವುದು ಇದಕ್ಕೇ. ‘ಜಿ ಪವರ್’ ಎಂಬ ಉಚಿತ ತಂತ್ರಾಂಶದಲ್ಲಿ ಲೆಕ್ಕ ಹಾಕಿ, ಗೈಡ್ ಮುಂದಿಡಿ.

ನಮ್ಮ ವಿಭಾಗದಲ್ಲಿ ಯಂತ್ರಗಳಿಲ್ಲ. ಲ್ಯಾಪ್‌ಟಾಪ್‌ನಲ್ಲೇ ಮಾಡಬಹುದೇ?

ಧಾರಾಳವಾಗಿ. ಪ್ರಯೋಗ ಕಟ್ಟುವ ತಂತ್ರಾಂಶಗಳಾದ ಸೈಕೋಪೈ, ಓಪನ್‌ಸೆಸಮೀ, ಜೆಎಸ್‌ಸೈಕ್ ಎಲ್ಲವೂ ಉಚಿತ. ಮಿತಿ ಮಾತ್ರ ತಿಳಿದಿರಲಿ: ಸಾಮಾನ್ಯ ಪರದೆ ಸೆಕೆಂಡಿಗೆ 60 ಬಾರಿ ಬದಲಾಗುತ್ತದೆ, ಅಂದರೆ ಒಂದು ಚಿತ್ರಿಕೆಗೆ ಸುಮಾರು 16.7 ಮಿಲಿಸೆಕೆಂಡ್. 20 ಮಿಲಿಸೆಕೆಂಡ್ ಪದ ತೋರಿಸುತ್ತೇನೆಂದು ಬರೆದರೆ ಪರದೆ ಅದನ್ನು ಕೊಡಲಾರದು. ಎಲ್ಲರಿಗೂ ಒಂದೇ ಲ್ಯಾಪ್‌ಟಾಪ್ ಬಳಸಿ. ಕೆಲವು ತಂತ್ರಾಂಶಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಾಣುತ್ತದೆ, ಆಗ ಪದಗಳನ್ನು ಚಿತ್ರವಾಗಿ ಉಳಿಸಿ ತೋರಿಸಿ. ಬ್ಯಾಟರಿ ತುಂಬಿಸಿಕೊಂಡೇ ಹಳ್ಳಿಗೆ ಹೊರಡಿ.

ಹಳ್ಳಿಯಲ್ಲಿ ಸಹಿ ಕೇಳಿದರೆ ಜನ ಎದ್ದು ಹೋಗುತ್ತಾರೆ. ಒಪ್ಪಿಗೆ ಪತ್ರ ಬಿಡಬಹುದೇ?

ಬಿಡುವಂತಿಲ್ಲ. ಆದರೆ ಅವರ ಹೆದರಿಕೆಯನ್ನೂ ಅರ್ಥಮಾಡಿಕೊಳ್ಳಿ. ಸಹಿ ಅಥವಾ ಹೆಬ್ಬೆಟ್ಟು ಎಂದರೆ ಅವರಿಗೆ ಸಾಲ, ಜಮೀನು, ಕೋರ್ಟು. ಮೊದಲು ಕುಳಿತು ಬಾಯಿಮಾತಿನಲ್ಲಿ ಹೇಳಿ, ಅವರು ತೆಲುಗಿನವರಾದರೆ ತೆಲುಗಿನಲ್ಲಿ ಹೇಳಿ. ಯಾವಾಗ ಬೇಕಾದರೂ ಎದ್ದು ಹೋಗಬಹುದು ಎಂಬುದನ್ನು ನಂಬುವಂತೆ ಹೇಳಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಓದಲು ಬಾರದವರ ಹೆಬ್ಬೆಟ್ಟಿನ ಜೊತೆಗೆ, ಅಧ್ಯಯನಕ್ಕೆ ಸಂಬಂಧಿಸದ ಓದು ಬರುವ ಸಾಕ್ಷಿಯೊಬ್ಬರು ಬೇಕು.

ಮಕ್ಕಳಾದರೆ ಪೋಷಕರ ಒಪ್ಪಿಗೆಯೂ ಬೇಕು, ಏಳು ವರ್ಷ ದಾಟಿದ ಮಗುವಿನ ಸಮ್ಮತಿಯೂ ಬೇಕು. ‘ಹೆಡ್‌ಮಾಸ್ಟರ್ ಒಪ್ಪಿದ್ದಾರೆ’ ಎನ್ನುವುದು ಶಾಲೆಯ ಬಾಗಿಲು ತೆರೆಯುತ್ತದೆ, ಪೋಷಕರ ಒಪ್ಪಿಗೆಯ ಜಾಗದಲ್ಲಿ ಕೂರುವುದಿಲ್ಲ. ನೈತಿಕ ಸಮಿತಿಯ ಅನುಮತಿ ಬರುವವರೆಗೆ ಒಬ್ಬರನ್ನೂ ಮುಟ್ಟಬೇಡಿ. ಅದಕ್ಕೆ ತಿಂಗಳುಗಳೇ ಹಿಡಿಯಬಹುದು, ಮೊದಲ ವರ್ಷದಲ್ಲೇ ಅರ್ಜಿ ಹಾಕಿ.

ಇಂಗ್ಲಿಷ್ ಪರೀಕ್ಷೆಯನ್ನು ಗೂಗಲ್‌ನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡರೆ ಸಾಲದೇ?

ಸಾಲದು. 1930ರ ದಶಕದಲ್ಲೇ ವಿ.ವಿ. ಕಾಮತರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದಾಗ ಪ್ರಶ್ನೆಗಳನ್ನು ಬದಲಿಸಿ, ಇಲ್ಲಿನ ಮಕ್ಕಳ ಮೇಲೆ ಹೊಸದಾಗಿ ಅಳತೆ ಕಟ್ಟಿದರು. ಒಬ್ಬರು ಕನ್ನಡಕ್ಕೆ ತರಲಿ, ಮೂಲ ನೋಡದ ಇನ್ನೊಬ್ಬರು ಇಂಗ್ಲಿಷಿಗೆ ಹಿಂದಿರುಗಿಸಲಿ, ತಾಳೆ ನೋಡಿ, ಹತ್ತಾರು ಜನರ ಮೇಲೆ ಪ್ರಯತ್ನಿಸಿ. ಪದ ಸರಿಯಾದರೂ ಸಂದರ್ಭ ಸರಿಯಾಗದಿರಬಹುದು: ಗಡಿಯಾರವಿಟ್ಟು ಪರೀಕ್ಷೆ ಬರೆದೇ ಇರದ ಅಜ್ಜಿಗೆ ‘ಬೇಗ ಉತ್ತರಿಸಿ’ ಎನ್ನುವುದೇ ವಿಚಿತ್ರ. ಅವರ ನಿಧಾನವನ್ನು ಬುದ್ಧಿಮಾಂದ್ಯ ಎಂದು ಬರೆಯುವವರಿದ್ದಾರೆ. ಜೊತೆಗೆ, ಅನೇಕ ಪರೀಕ್ಷೆಗಳಿಗೆ ಹಕ್ಕುಸ್ವಾಮ್ಯವಿದೆ, ಅನುಮತಿ ಪಡೆಯಿರಿ.

## ಒಳಗೆ ಇಳಿದವರಿಗೆ

ಫಲಿತಾಂಶ ಸಿಗ್ನಿಫಿಕೆಂಟ್ ಬರಲಿಲ್ಲ. ಪ್ರಬಂಧ ಹಾಳಾಯಿತೇ?

ಇಲ್ಲ. ಹಾಳಾಗುವುದು ಅದನ್ನು ಬರಿಸಲು ಹೊರಟಾಗ. ನಿಜವಾಗಿ ಏನೂ ಇಲ್ಲದ ಕಡೆ ಇಪ್ಪತ್ತು ಸ್ವತಂತ್ರ ಪರೀಕ್ಷೆ ಮಾಡಿದರೆ, ಒಂದಾದರೂ ಪಿ-ಮೌಲ್ಯ (ಬರೀ ಆಕಸ್ಮಿಕದಿಂದ ಅಷ್ಟು ವ್ಯತ್ಯಾಸ ಕಾಣುವ ಸಾಧ್ಯತೆ) 0.05ಕ್ಕಿಂತ ಕೆಳಗೆ ಬಿದ್ದು ‘ಸಿಗ್ನಿಫಿಕೆಂಟ್’ ಎನಿಸುವ ಸಾಧ್ಯತೆ ಶೇ 64. ಹುಡುಗರನ್ನು ಬೇರೆ, ಹುಡುಗಿಯರನ್ನು ಬೇರೆ, ನಗರದವರನ್ನು ಬೇರೆ ಮಾಡಿ ನೋಡುತ್ತಾ ಹೋದರೆ ಏನಾದರೊಂದು ಹೊಳೆಯುತ್ತದೆ. 2015ರಲ್ಲಿ ಸಂಶೋಧಕರ ದೊಡ್ಡ ತಂಡವೊಂದು ಪ್ರಮುಖ ಪತ್ರಿಕೆಗಳ 100 ಅಧ್ಯಯನಗಳನ್ನು ಮತ್ತೆ ಮಾಡಿತು. ಮೂಲದಲ್ಲಿ ಶೇ 97 ಸಿಗ್ನಿಫಿಕೆಂಟ್ ಆಗಿದ್ದವು, ಮರುಪ್ರಯೋಗದಲ್ಲಿ ಶೇ 36 ಮಾತ್ರ. ಅದರ ನಂತರ ಊಹೆ ಮತ್ತು ವಿಶ್ಲೇಷಣೆಯನ್ನು ಮುಂಚೆಯೇ ನೋಂದಾಯಿಸುವ ಪದ್ಧತಿ ಹಬ್ಬಿತು. ನೀವೂ ಅದಕ್ಕಿರುವ ಉಚಿತ ಜಾಲತಾಣ ಓಪನ್ ಸೈನ್ಸ್ ಫ್ರೇಮ್‌ವರ್ಕ್‌ನಲ್ಲಿ ನೋಂದಾಯಿಸಿ. ಆಗ ‘ಬರಲಿಲ್ಲ’ ಎನ್ನುವುದೂ ಮರ್ಯಾದೆಯ ಫಲಿತಾಂಶ.

ಗೈಡ್ ‘ಈ ನಾಲ್ವರ ಡೇಟಾ ತೆಗೆದುಬಿಡು, ಸರಿಹೋಗುತ್ತದೆ’ ಎನ್ನುತ್ತಾರೆ. ಏನು ಮಾಡಲಿ?

ತೆಗೆಯುವುದು ತಪ್ಪಲ್ಲ, ಫಲಿತಾಂಶ ನೋಡಿದ ಮೇಲೆ ಯಾರನ್ನು ತೆಗೆಯಬೇಕೆಂದು ಹುಡುಕುವುದು ತಪ್ಪು. ಮುಂಚೆಯೇ ನಿಯಮ ಬರೆದಿಡಿ: 200 ಮಿಲಿಸೆಕೆಂಡ್‌ಗಿಂತ ಬೇಗ ಒತ್ತಿದ್ದನ್ನು ಬಿಡುತ್ತೇವೆ, ಇಷ್ಟಕ್ಕಿಂತ ಹೆಚ್ಚು ತಪ್ಪು ಮಾಡಿದವರನ್ನು ಬಿಡುತ್ತೇವೆ. ಗೈಡ್ ಜೊತೆ ವಾದ ಬೇಡವೆಂದಾದರೆ ‘ಎರಡೂ ರೀತಿ ಪ್ರಬಂಧದಲ್ಲಿ ಹಾಕುತ್ತೇನೆ ಸರ್’ ಎನ್ನಿ. ಬೇಡ ಎನ್ನಲು ಅವರಿಗೂ ಕಷ್ಟ.

ಸರಾಸರಿ ತೆಗೆದು ಟಿ-ಟೆಸ್ಟ್ ಮಾಡಿದರೆ ಸಾಲದೇ? ಮಿಕ್ಸೆಡ್ ಮಾಡೆಲ್ ಏಕೆ?

ನೀವು 40 ಕನ್ನಡ ಪದ ತೋರಿಸಿದ್ದೀರಿ ಎನ್ನೋಣ. ಜನರ ಸರಾಸರಿ ತೆಗೆದು ಪರೀಕ್ಷಿಸಿದರೆ ಫಲಿತಾಂಶ ಬೇರೆ ಜನರಿಗೆ ಅನ್ವಯಿಸಬಹುದು, ಬೇರೆ ಪದಗಳಿಗೆ ಅನ್ವಯಿಸುತ್ತದೆ ಎನ್ನಲು ಆಧಾರವಿಲ್ಲ. ನೀವು ಆರಿಸಿದ ಒತ್ತಕ್ಷರದ ಪದಗಳಲ್ಲಿ ಎರಡು ವಿಚಿತ್ರವಾಗಿದ್ದರೆ ಇಡೀ ಪರಿಣಾಮ ಅವೆರಡರಿಂದಲೇ ಬಂದಿರಬಹುದು. ಹರ್ಬರ್ಟ್ ಕ್ಲಾರ್ಕ್ 1973ರಲ್ಲೇ ಈ ತಪ್ಪನ್ನು ಎತ್ತಿ ತೋರಿಸಿದರು. ಜನರನ್ನೂ ಪದಗಳನ್ನೂ ಒಟ್ಟಿಗೆ ಯಾದೃಚ್ಛಿಕವೆಂದು (ದೊಡ್ಡ ರಾಶಿಯಿಂದ ಆಕಸ್ಮಿಕವಾಗಿ ಎತ್ತಿಕೊಂಡವೆಂದು) ಹಿಡಿಯುವ ‘ಮಿಕ್ಸೆಡ್ ಮಾಡೆಲ್’ಗಳು 2008ರ ಸುಮಾರಿಗೆ ಬಳಕೆಗೆ ಬಂದವು. ‘ಆರ್’ನಲ್ಲಿ ‘ಎಲ್‌ಎಂಇ4’ ಎಂಬ ಪ್ಯಾಕೇಜ್ ಅದಕ್ಕೇ ಇದೆ. ಪ್ರತಿಕ್ರಿಯಾ ಕಾಲದ ಹರವು ಬಲಕ್ಕೆ ಬಾಲ ಚಾಚಿರುತ್ತದೆ ಎಂಬುದನ್ನೂ ಮರೆಯಬೇಡಿ. ವಿಶ್ಲೇಷಣೆಗೆ ಮುನ್ನ ಚಿತ್ರ ಬಿಡಿಸಿ ನೋಡಿ.

ಹಣ ಕೊಟ್ಟರೆ ವಾರದಲ್ಲಿ ಪ್ರಕಟಿಸುತ್ತೇವೆ ಎಂದು ಒಂದು ಪತ್ರಿಕೆ ಬರೆದಿದೆ. ಕಳುಹಿಸಲೇ?

ಬೇಡ. ವಾರದಲ್ಲಿ ಯಾರೂ ಪ್ರಾಮಾಣಿಕವಾಗಿ ಪರಿಶೀಲಿಸಲಾರರು. ಅಂಥ ಪ್ರಕಟಣೆ ಮುಂದೆ ಪಿಎಚ್.ಡಿ. ಸಂದರ್ಶನದಲ್ಲಿ ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಬರಹವನ್ನು ಮನೋವಿಜ್ಞಾನದ ಪ್ರಕಟಣಾಪೂರ್ವ ಲೇಖನಗಳ ಜಾಲತಾಣ ‘ಸೈಆರ್ಕೈವ್’ನಲ್ಲಿ ಉಚಿತವಾಗಿ ಇಡಿ, ಆಮೇಲೆ ಗೈಡ್ ಜೊತೆ ಕುಳಿತು ಒಳ್ಳೆಯ ಪತ್ರಿಕೆ ಆರಿಸಿ. ಡೇಟಾ ಹಂಚಿಕೊಳ್ಳುವಾಗ ಹೆಸರು ಅಳಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ಐವತ್ತು ಮನೆಯ ಹಳ್ಳಿಯಲ್ಲಿ ‘62 ವರ್ಷ, ಗಂಡು, ನಿವೃತ್ತ ಶಿಕ್ಷಕ’ ಎಂದಿದ್ದರೆ ಊರಿನವರೆಲ್ಲರಿಗೂ ಆ ಮನುಷ್ಯ ಯಾರೆಂದು ಗೊತ್ತಾಗುತ್ತದೆ. ಊರಿನ ಹೆಸರು ತೆಗೆದು ತಾಲ್ಲೂಕಿನದು ಇಡಿ, ವಯಸ್ಸನ್ನು ಐದು ವರ್ಷದ ಅಂತರದಲ್ಲಿ ಗುಂಪು ಮಾಡಿ, ವೃತ್ತಿಯ ಕಲಂ ವಿಶ್ಲೇಷಣೆಗೆ ಬೇಡವಾದರೆ ತೆಗೆದೇ ಹಾಕಿ.